ಒಂದು ಸೀಟು ಹಿಂದೆ

ಜೂನ್ ೬

ತಂಗೀ,

ಫೋನಿನಲ್ಲಿ ನಾವಿಬ್ಬರೂ ಮಾತಿಗೆ ಕೂತರೆ ಜಗಳದಲ್ಲೇ ಮುಗಿಯುತ್ತದೆ, ಅದಕ್ಕೇ ಈ ಕಾಗದ. ಕಾಗದಕ್ಕಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಪಾಪುವನ್ನು ಆ ಮನೆಯಲ್ಲಿ ಬಿಟ್ಟು ಬಂದಾಗಿನಿಂದ ನನಗೆ ಕೈಕಾಲೇ ಆಡುತ್ತಿಲ್ಲ. ಶಾಲೆ ಶುರುವಾಗುವ ಸಮಯ, ಯೂನಿಫಾರಂ ಬಟ್ಟೆ ಮಂಚದ ಮೇಲೆ ರಾಶಿ ಬಿದ್ದಿದೆ. ನಿನ್ನೆ ಒಂದು ಅಂಗಿಗೆ ಎರಡೂ ಕಡೆ ಎಡಗೈ ತೋಳನ್ನೇ ಹಚ್ಚಿ, ಗುಂಡಿಯನ್ನೂ ಹೊಲಿದು, ಇಸ್ತ್ರಿಯನ್ನೂ ಮಾಡಿಟ್ಟಿದ್ದೆ. ನೋಡಿ ನಗುವುದಕ್ಕೂ ಮನೆಯಲ್ಲಿ ಯಾರೂ ಇಲ್ಲ.

ಇದು ನಿನ್ನ ಹಟಕ್ಕೆ ಒಪ್ಪಿದ್ದು, ನೆನಪಿರಲಿ. ಹೋದ ವರ್ಷ ನಾನು ಆಪರೇಷನ್ನಿಗೆ ಆಸ್ಪತ್ರೆ ಸೇರಿದಾಗ ಅವಳು ಪಕ್ಕದ ಮನೆಯವರ ಸೋಫಾದ ಮೇಲೆ ಊಟ ಬಿಟ್ಟು ಕೂತಿದ್ದಳಲ್ಲ, ಆಗ ಶುರು ಮಾಡಿದೆ ನೀನು, "ನಾಳೆ ನಿಂಗೇನಾದ್ರೂ ಆದ್ರೆ ಅವ್ಳ ಗತಿಯೇನು?" ಎಂದು. ಅವಳಪ್ಪ ಹೋದ ಮೇಲೆ ಆ ಮಾತು ಕೇಳಿದರೆ ನನ್ನ ಎದೆ ಝಲ್ಲೆನ್ನುತ್ತದೆಂದು ಗೊತ್ತಿದ್ದೇ ಹೇಳಿದೆ. ಸರಿ, ನೀನು ಗೆದ್ದೆ. ನಿನ್ನದೇ ಊರು, ಇವಳಂಥವರು ಇದ್ದು ಕಲಿಯುವ ಮನೆ, ನಾಲ್ಕೇ ಹುಡುಗಿಯರು, ಯಾವ ಹೊತ್ತಿಗೂ ಒಬ್ಬ ಸಹಾಯಕಿ ಇದ್ದೇ ಇರುತ್ತಾಳೆ ಎಂದೆಲ್ಲ ನಂಬಿ ಬಿಟ್ಟುಬಂದೆ.

ಆದರೆ ಅಲ್ಲಿನ ಮೇಲ್ವಿಚಾರಕಿಗೆ ಇಷ್ಟು ತಿಳಿಸು. ಪಾಪು ವಯಸ್ಸಿಗೆ ಇಪ್ಪತ್ಮೂರು, ಬುದ್ಧಿಗೆ ಪಾಪುವೇ. ಬೆಳವಣಿಗೆ ನಿಧಾನ ಎಂದು ಡಾಕ್ಟರು ಹೇಳಿದಂದಿನಿಂದ ನನ್ನ ಕೈಯಲ್ಲೇ ಬೆಳೆದವಳು. ಜಡೆ ನಾವೇ ಹಾಕಬೇಕು, ಶೂ ನಾವೇ ಹಾಕಬೇಕು, ತುತ್ತು ಸಣ್ಣದಿರಬೇಕು. ಒಲೆಯ ಹತ್ತಿರ ಬಿಡಬಾರದು. ಬಸ್ಸನ್ನಂತೂ ಹತ್ತಿಸಲೇಬಾರದು. ಚಿಕ್ಕವಳಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಕೈ ಬಿಡಿಸಿಕೊಂಡು ಹೋಗಿ ನನ್ನ ಜೀವ ಬಾಯಿಗೆ ಬಂದಿದ್ದು ನಿನಗೂ ಗೊತ್ತು.

ಉಳಿದದ್ದು ಮರೆತರೂ ಬಸ್ಸಿನ ವಿಷಯ ಮರೆಯಬೇಡ.

ನಿನ್ನ ಅಕ್ಕ

*

ಜೂನ್ ೧೭

ಅಕ್ಕಾ,

ಆ ಅಂಗಿಯ ಹೊಲಿಗೆ ಬಿಚ್ಚಬೇಡ, ನಮ್ಮ ಡಾಕ್ಟರಿಗೆ ಕೊಡೋಣ. ಅವರು ಹಲ್ಲು ಕೀಳುವುದನ್ನು ನೋಡಿದರೆ ಎರಡೂ ಎಡಗೈಯೇ ಎನಿಸುತ್ತದೆ. ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಒಳಗಿನ ಕೂಗಾಟ ಕೇಳಿ ಕೇಳಿ ನನ್ನ ಕಿವಿ ಗಟ್ಟಿಯಾಗಿದೆ, ನಿನ್ನ ಬೈಗುಳವೂ ಈಗ ಅಷ್ಟಾಗಿ ನಾಟುವುದಿಲ್ಲ.

ಪಾಪು ಚೆನ್ನಾಗಿದ್ದಾಳೆ. ಅವಳ ಕೋಣೆ ಮಹಡಿಯ ಮೇಲೆ, ಕಿಟಕಿಯಿಂದ ಸೈಕಲ್ ರಿಪೇರಿ ಅಂಗಡಿ ಕಾಣುತ್ತದೆ. ಯಾರು ಹೋದರೂ ಬಾಗಿಲು ತಟ್ಟಿ, ಅವಳು "ಬಾ" ಅಂದ ಮೇಲೇ ಒಳಗೆ ಹೋಗಬೇಕು. ಮೊದಲ ಸಲ ನಾನು ಸುಮ್ಮನೆ ನುಗ್ಗಿದ್ದಕ್ಕೆ ನನ್ನನ್ನು ಹೊರಗೆ ಕಳಿಸಿ ಮತ್ತೆ ತಟ್ಟಿಸಿದಳು ನಿನ್ನ ಮಗಳು. ಬೆಳಿಗ್ಗೆ ಆಸ್ಪತ್ರೆಯ ಲಾಂಡ್ರಿಗೆ ಹೋಗಿ ಟವೆಲ್ಲು, ದಿಂಬಿನ ಕವರು ಮಡಿಸುತ್ತಾಳೆ. ಹೋಗಿಬರುವುದಕ್ಕೆಲ್ಲ ಅವರೇ ವ್ಯವಸ್ಥೆ ಮಾಡಿದ್ದಾರೆ.

ಅಲ್ಲೊಬ್ಬ ಸಹಾಯಕಿಯ ಜೊತೆ ಅವಳಿಗೆ ಚೆನ್ನಾಗಿ ಹೊಂದಿಕೆಯಾಗಿದೆ. ಆ ಹುಡುಗಿ ಬಿಸಿಲಿರಲಿ ಚಳಿಯಿರಲಿ ಉಣ್ಣೆ ಟೋಪಿ ಹಾಕಿಯೇ ಇರುತ್ತಾಳೆ, ಪಾಪು ಅವಳನ್ನು "ಟೋಪಿ ಅಕ್ಕ" ಎಂದು ಕರೆಯುತ್ತಾಳೆ.

ಪಾಪು ಮುಂದೆ ಏನೇನು ಕಲಿಯಬೇಕು ಎಂದು ಮಾತಾಡಲು ಮೊನ್ನೆ ಒಂದು ಸಭೆ ಕರೆದಿದ್ದರು. ನಿನಗೆ ಬರಲಾಗಲಿಲ್ಲವಲ್ಲ, ಮನೆಯವರ ಪರವಾಗಿ ನಾನು ಕೂತಿದ್ದೆ. ಪಾಪುವೂ ಕೂತಿದ್ದಳು, ಹೆಚ್ಚು ಮಾತಾಡಿದ್ದೂ ಅವಳೇ. ಅಂಥಾ ವಿಶೇಷವೇನಿಲ್ಲ, ಸಿಕ್ಕಾಗ ಹೇಳುತ್ತೇನೆ.

ನಿನ್ನ ತಂಗಿ

*

ಜುಲೈ ೪

ತಂಗೀ,

ಹೋದ ವಾರ ಬಂದುಹೋದೆ, ನೀನು ಕ್ಲಿನಿಕ್ಕಿನಲ್ಲಿದ್ದೆ, ಸಿಗಲಿಲ್ಲ. ಪಾಪುವನ್ನು ಹೊರಗೆ ಸುತ್ತಾಡಿಸಿಕೊಂಡು ಬರೋಣವೆಂದರೆ ಅವಳು ಮೆಟ್ಟಿಲ ಮೇಲೆ ಕೂತು ಎರಡೂ ಕಾಲನ್ನು ನನ್ನ ಕಡೆ ಚಾಚಿದಳು. ನಾನೇ ಶೂ ಹಾಕಿ ಲೇಸು ಕಟ್ಟಿದೆ. ಪಕ್ಕದಲ್ಲೇ ನಿಂತಿದ್ದ ಮೇಲ್ವಿಚಾರಕಿ ಏನೋ ಹೇಳಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಪಾಪ, ಏನೆಂದು ಹೇಳುತ್ತಾರೆ! ಒಂದು ತಿಂಗಳಾದರೂ ಶೂ ಹಾಕುವುದನ್ನು ಕಲಿಸಿಲ್ಲ ಎಂದು ಮುಜುಗರವಾಗಿರಬೇಕು.

ನಿಜ ಹೇಳಲಾ? ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಳಗೊಳಗೇ ಸಂತೋಷವಾಯಿತು. ಈ ಮಾತು ನಿನ್ನಲ್ಲೇ ಇರಲಿ.

ಲಾಂಡ್ರಿಗೆ ವ್ಯಾನಿನಲ್ಲಿ ಕಳಿಸುತ್ತಾರೆ ಎಂಬುದೊಂದು ಸಮಾಧಾನ. ಡ್ರೈವರ್ ಹೇಗೆ, ನಿಧಾನವಾಗಿ ಓಡಿಸುತ್ತಾನಾ? ಬರೆ.

ನಿನ್ನ ಅಕ್ಕ

*

ಜುಲೈ ೧೬

ಅಕ್ಕಾ,

ಡ್ರೈವರ್ ನಿಧಾನವಾಗಿಯೇ ಓಡಿಸುತ್ತಾನೆ.

ಶೂ ವಿಷಯ ಓದಿ ನನಗೆ ಆಶ್ಚರ್ಯವಾಯಿತು. ನಾನು ಹೋದಾಗಲೆಲ್ಲ ಅವಳೇ ಹಾಕಿಕೊಂಡು, ಲೇಸು ಕಟ್ಟಿಕೊಂಡು, ನನಗಿಂತ ಮೊದಲು ಗೇಟಿನ ಹತ್ತಿರ ನಿಂತಿರುತ್ತಾಳೆ. ಒಂದೊಂದು ದಿನ ಒಂದೊಂದು ಥರ ಇರಬಹುದು. ಅಥವಾ ನಿನ್ನ ಮುಂದೆ ಮಾತ್ರ ಹಾಗೋ ಏನೋ. ತಪ್ಪು ತಿಳಿಯಬೇಡ, ಸುಮ್ಮನೆ ಅನ್ನಿಸಿದ್ದು ಬರೆದೆ.

ಮುಂದಿನ ಸಲ ಬರುವ ಮೊದಲು ಒಂದು ಮಾತು ತಿಳಿಸಿ ಬಾ. ನಾನೂ ರಜೆ ಹಾಕುತ್ತೇನೆ, ಎದುರಿಗೆ ಕೂತು ಮಾತಾಡುವುದು ಸ್ವಲ್ಪ ಇದೆ.

ನಿನ್ನ ತಂಗಿ

*

ಆಗಸ್ಟ್ ೫

ತಂಗೀ,

ಮೈಯೆಲ್ಲ ಇನ್ನೂ ಉರಿಯುತ್ತಿದೆ.

ನಿನ್ನೆ ಗುಂಡಿ, ನೂಲು ತರಲೆಂದು ನಿಮ್ಮೂರಿಗೆ ಬಂದವಳು ಪಾಪುವನ್ನೂ ನೋಡಿಕೊಂಡು ಹೋಗೋಣವೆಂದು ಸಿಟಿ ಬಸ್ಸು ಹತ್ತಿದೆ. ಆಸ್ಪತ್ರೆ ಸ್ಟಾಪಿನಲ್ಲಿ ಒಂದು ಹುಡುಗಿ ಹತ್ತಿತು. ನೋಡಿದರೆ ಪಾಪು! ಒಬ್ಬಳೇ ಹೋಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳ ಟೋಪಿ ಅಕ್ಕ ಎಲ್ಲಿದ್ದಳು ಗೊತ್ತಾ? ಹಿಂದಿನ ಬಾಗಿಲಿನಿಂದ ಹತ್ತಿ, ಎಲ್ಲೋ ಕೊನೆಯಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಕೂತಿದ್ದಳು, ಇವಳು ಯಾರೋ ತಾನು ಯಾರೋ ಎಂಬಂತೆ.

"ಪಾಪೂ" ಎಂದು ಕೂಗಿದೆ. ನನ್ನನ್ನು ನೋಡಿದ್ದೇ ತಡ, ಮಗುವಿನ ಮುಖ ಸಣ್ಣಗಾಯಿತು. ಕೈ ಚಾಚಿ, "ಅಮ್ಮಾ, ನಂಗೆ ಗೊತ್ತಾಗಲ್ಲ, ನಂಗೆ ಭಯ" ಅಂದಳು. ಬಸ್ಸು ನಿಲ್ಲಿಸಿ ಆ ಹುಡುಗಿಗೆ ಬಾಯಿಗೆ ಬಂದಂತೆ ಬೈದೆ. "ಹೆಸರಿಗೆ ತಕ್ಕ ಹಾಗೆ ಟೋಪಿ ಹಾಕಿದೆಯಲ್ಲೇ!" ಅಂದೆ, ಜನ ಕೇಳಲಿ ಎಂದೇ ಗಟ್ಟಿಯಾಗಿ ಅಂದೆ. ಅವಳು "ಮನೆಯವ್ರಿಗೆ ಮೊದ್ಲೇ ಹೇಳಿದೀವಿ ಅಮ್ಮ, ಒಪ್ಪಿದಾರೆ" ಎಂದು ತೊದಲಿದಳು. ಕೆಲಸಗಳ್ಳಿ ಮಾತ್ರವಲ್ಲ, ಸುಳ್ಳಿ ಕೂಡ. ಮನೆಯವರೆಂದರೆ ನಾನು, ನನಗೆ ಯಾರು ಹೇಳಿದ್ದರು?

ದೂರು ಬರೆದುಕೊಟ್ಟೇ ಬಂದೆ. ತಿಂಗಳ ಕೊನೆಗೆ ಪಾಪುವನ್ನು ಮನೆಗೆ ಕರೆತರುತ್ತೇನೆ. ಮೇಲ್ವಿಚಾರಕಿ ನಿನ್ನನ್ನೂ ವಿಚಾರಿಸುತ್ತಾರಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳು.

ನಿನ್ನ ಅಕ್ಕ

*

ಆಗಸ್ಟ್ ೧೧

ಅಕ್ಕಾ,

ವಿಚಾರಿಸಿದರು, ಹೋಗಿ ಬಂದೆ. ಆ ಹುಡುಗಿಯನ್ನು ಸದ್ಯಕ್ಕೆ ಕೆಲಸದಿಂದ ದೂರ ಇಟ್ಟಿದ್ದಾರೆ. ಪಾಪುವನ್ನು ಕರೆದೊಯ್ಯುವ ಮುನ್ನ ಇನ್ನೊಮ್ಮೆ ಯೋಚಿಸಬಾರದಾ?

ಎರಡು ದಿನದಿಂದ ತಲೆನೋವು, ಹೆಚ್ಚು ಬರೆಯಲಾರೆ.

ನಿನ್ನ ತಂಗಿ

*

ಆಗಸ್ಟ್ ೩೦

ತಂಗೀ,

ಪಾಪು ಮನೆ ಸೇರಿದಳು. ಮಿಷನ್ನಿನ ಪಕ್ಕ ಅವಳ ಸ್ಟೂಲು ಹಾಕಿದ್ದೇನೆ. ನೂಲಿನ ಚೂರು ಆರಿಸುತ್ತಾ ಕೂತಿರುತ್ತಾಳೆ, ನಾನು ಹೊಲಿಯುತ್ತೇನೆ. ಬೆಳಿಗ್ಗೆ ತಲೆ ಬಾಚುತ್ತೇನೆ, ಗುಂಡಿ ಹಾಕುತ್ತೇನೆ, ತುತ್ತು ಕೊಡುತ್ತೇನೆ. ಹೊರಡುವ ದಿನ ಅವಳು ಅಳಲಿಲ್ಲ, ತನ್ನ ಕೋಣೆಯ ಬಾಗಿಲನ್ನು ಮಾತ್ರ ಎರಡು ಮೂರು ಸಲ ತೆಗೆದು ಮುಚ್ಚಿ ಮಾಡಿದಳು, ಆಟಕ್ಕೆ.

ಆ ಟೋಪಿಯವಳು ಕೆಲಸ ಬಿಟ್ಟಳಂತೆ. ಒಳ್ಳೆಯದೇ ಆಯಿತು, ಇನ್ನೊಬ್ಬರ ಮಕ್ಕಳಾದರೂ ಬಚಾವಾದರು. ಕೋಣೆಯನ್ನು ಅಕ್ಟೋಬರ್ ಮುಗಿಯುವವರೆಗೆ ಖಾಲಿ ಇಟ್ಟಿರುತ್ತೇವೆ ಎಂದು ಮೇಲ್ವಿಚಾರಕಿ ಹೇಳಿ ಕಳಿಸಿದ್ದಾರೆ. ಇಟ್ಟುಕೊಳ್ಳಲಿ.

ಯಾಕೆ, ನಿನ್ನಿಂದ ಕಾಗದವೇ ಇಲ್ಲ? ನಾನು ಗೆದ್ದೆ ಎಂದು ಮುನಿಸಾ?

ನಿನ್ನ ಅಕ್ಕ

*

ಸೆಪ್ಟೆಂಬರ್ ೨೨

ತಂಗೀ,

ನೀನು ಉತ್ತರ ಬರೆಯದಿದ್ದರೂ ನಾನು ಬರೆಯಬೇಕು. ಇದನ್ನು ಬೇರೆ ಯಾರಿಗೂ ಹೇಳುವ ಧೈರ್ಯ ನನಗಿಲ್ಲ.

ಸೋಮವಾರ ಯೂನಿಫಾರಂ ಗಂಟು ಹೊತ್ತು ಶಾಲೆಗೆ ಹೊರಟವಳು, ಅಳತೆಯ ಟೇಪು ಮರೆತೆನೆಂದು ಗೇಟಿನಿಂದ ವಾಪಸು ಬಂದೆ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಪಾಪು ಕನ್ನಡಿಯ ಮುಂದೆ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು. ಬೈತಲೆ ನಾನು ತೆಗೆಯುವುದಕ್ಕಿಂತ ನೇರ. ಬಾಯಲ್ಲಿ ಏನೋ ಗುನುಗು. ಹೆಣೆದು ಮುಗಿಸಿ ರಬ್ಬರ್ ಬ್ಯಾಂಡ್ ಹಾಕಿ ಜಡೆಯನ್ನು ಬೆನ್ನಿಗೆ ಎಸೆದುಕೊಂಡಳು. ಅಷ್ಟರಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿತು. ಗಡಿಬಿಡಿಯಿಂದ ಬ್ಯಾಂಡ್ ಕಿತ್ತಳು, ಬೆರಳು ಹಾಕಿ ಇಡೀ ಜಡೆ ಬಿಚ್ಚಿದಳು, ಕೂದಲು ಕೆದರಿಕೊಂಡು ಮಂಚದ ಮೇಲೆ ಕೂತಳು. ನಾನು ಒಳಗೆ ಕಾಲಿಟ್ಟಾಗ ಬಾಚಣಿಗೆ ಚಾಚಿ, "ಅಮ್ಮಾ, ಜಡೆ ಹಾಕು" ಅಂದಳು.

ಹಾಕಿದೆ. ಇನ್ನೇನು ಮಾಡಲಿ? ನಾನು ಹಾಕಿದ ಜಡೆ ಅವಳದ್ದಕ್ಕಿಂತ ಸೊಟ್ಟಗಿತ್ತು. ಅವಳು ಕನ್ನಡಿ ನೋಡಿ, "ಚೆನ್ನಾಗಿದೆ ಅಮ್ಮ" ಅಂದಳು. ನನ್ನ ಹತ್ತಿರ ಹೊಲಿಗೆ ಕಲಿಯಲು ಬಂದು, ಅಂಗಿಗೆ ಮೊದಲ ಸಲ ಗುಂಡಿಯ ಕಾಜಾ ಹೊಲಿದ ಮಕ್ಕಳಿಗೆ ನಾನು ಹೇಳುತ್ತೇನಲ್ಲ, ಅದೇ ದನಿಯಲ್ಲಿ.

ಆಮೇಲೆ ನನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ ಬಾಗಿಲ ಸಂದಿಯಲ್ಲಿ ನಿಂತು ನೋಡಲು ಶುರು ಮಾಡಿದೆ. ಗುಂಡಿಯೆಲ್ಲ ಅವಳೇ ಹಾಕಿಕೊಳ್ಳುತ್ತಾಳೆ, ನಾನು ಬರುವ ಹೊತ್ತಿಗೆ ಮೇಲಿನದನ್ನು ಬಿಚ್ಚಿಡುತ್ತಾಳೆ. ನನಗೆ ಹಾಕಲು ಒಂದಿರಲಿ ಎಂದು. ಮಗಳನ್ನು ಹೇಗೆ ನೋಡಿಕೊಂಡಿದ್ದೇನೆ ನೋಡಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಅವಳು ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ, ಮಗುವಿಗೆ ಆಟದ ಸಾಮಾನು ಕೊಟ್ಟು ಕೂರಿಸಿದ ಹಾಗೆ. ಎಂಥ ನಾಚಿಕೆ ಇದು! ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಹಾಗಾದರೆ ಬಸ್ಸಿನಲ್ಲಿ "ಭಯ" ಅಂದದ್ದೂ ನನಗೋಸ್ಕರವೇ ಇರಬಹುದಾ? ನಿನ್ನೆ ಕೇಳಿದೆ, "ಆ ಮನೆಗೆ ವಾಪಸ್ ಹೋಗ್ತೀಯಾ ಪಾಪೂ?" "ಬೇಡ, ಅಮ್ಮನ ಹತ್ರ" ಅಂದಳು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು, ಉತ್ತರ ಸರಿಯಾಯಿತಾ ಎಂದು. ಅವಳ ಬೇಕು ಯಾವುದು, ಬೇಡ ಯಾವುದು ಎಂದು ನನಗೇ ಗೊತ್ತಾಗದ ಹಾಗೆ ಬೆಳೆಸಿಟ್ಟಿದ್ದೇನೆ.

ಏನಾದರೂ ಬರೆ. ಬೈದಾದರೂ ಬರೆ.

ನಿನ್ನ ಅಕ್ಕ

*

ಸೆಪ್ಟೆಂಬರ್ ೨೯

ಅಕ್ಕಾ,

ಬೈಯುವ ಯೋಗ್ಯತೆ ನನಗಿಲ್ಲ. ಪೂರ್ತಿ ಓದು, ಆಮೇಲೆ ನೀನೇ ನನ್ನನ್ನು ಏನು ಬೇಕಾದರೂ ಅನ್ನು.

ಜೂನ್ ತಿಂಗಳ ಸಭೆಯಲ್ಲಿ ಪಾಪುವನ್ನು ಏನು ಕಲಿಯಬೇಕೆಂದಿದ್ದೀಯ ಎಂದು ಕೇಳಿದರು. ಅವಳು "ಬಸ್ಸು" ಅಂದಳು. ಇನ್ನೇನು ಅಂದರೆ, ಮತ್ತೂ "ಬಸ್ಸು". ಅದಕ್ಕೆ ಅವರದೊಂದು ಕ್ರಮವಿದೆ. ಮೊದಮೊದಲು ಸಹಾಯಕಿ ಪಕ್ಕದಲ್ಲೇ ಕೂರುತ್ತಾಳೆ. ಕಲಿಯುವವಳಿಗೆ ಇಳಿಯುವ ಸ್ಟಾಪು ಗುರುತಾದ ಮೇಲೆ ಒಂದು ಸೀಟು ಹಿಂದೆ. ಆಮೇಲೆ ಇನ್ನೊಂದು ಸೀಟು ಹಿಂದೆ. ಕೊನೆಗೆ ಬಸ್ಸಿನ ತುದಿಗೆ ಹೋಗಿ, ನೋಡಿಯೂ ನೋಡದವಳ ಹಾಗೆ ಕೂರುತ್ತಾಳೆ. ಅದೂ ಸರಿಹೋದರೆ ಬಸ್ಸು ಹತ್ತುವುದೇ ಇಲ್ಲ. ನೀನು ನೋಡಿದ ದಿನ ಪಾಪು ಕೊನೆಯ ಹಂತದಲ್ಲಿದ್ದಳು. ಕಿಟಕಿಗೆ ತಲೆ ಆನಿಸಿದ್ದ ಆ ಹುಡುಗಿ ಗಾಜಿನಲ್ಲಿ ಕಾಣುವ ಪಾಪುವನ್ನೇ ನೋಡುತ್ತಿದ್ದಳು.

"ಇವ್ರ ಅಮ್ಮಂಗೆ ಹೇಳ್ಬೇಕಲ್ಲ" ಎಂದು ಸಭೆಯಲ್ಲೇ ಆ ಹುಡುಗಿ ಕೇಳಿದ್ದಳು. "ನಾನ್ ಹೇಳ್ತೀನಿ, ಅಕ್ಕ ನನ್ ಮಾತು ಕೇಳ್ತಾಳೆ" ಅಂದೆ. ಹೇಳಲಿಲ್ಲ. ನೀನು ವ್ಯಾನು ಎಂದು ಬರೆದಾಗ ಬಸ್ಸಿನ ಡ್ರೈವರನ್ನು ನೆನೆದು ನಿಧಾನವಾಗಿ ಓಡಿಸುತ್ತಾನೆ ಎಂದು ಬರೆದೆ. ಇನ್ನೂ ಹೀನ ಕೆಲಸವೆಂದರೆ, ದೂರು ಬಂದ ಮೇಲೆ ಮೇಲ್ವಿಚಾರಕಿ ನನ್ನನ್ನು ಕರೆಸಿ, "ನೀವು ಹೇಳ್ತೀನಿ ಅಂದಿದ್ರಂತೆ, ಹೌದಾ?" ಎಂದಾಗ, "ಸರಿಯಾಗಿ ನೆನಪಿಲ್ಲ" ಅಂದುಬಿಟ್ಟೆ. ಆ ಹುಡುಗಿ ಎದುರಿನ ಕುರ್ಚಿಯಲ್ಲೇ ಕೂತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೆ. ನಿನ್ನ ಬಾಯಿಗೆ ಹೆದರಿ ಒಬ್ಬಳ ಅನ್ನ ಕಿತ್ತೆ.

ನಿನ್ನ ಕಾಗದ ಬಂದ ಮರುದಿನವೇ ಹೋಗಿ ಮೇಲ್ವಿಚಾರಕಿಗೆ ಎಲ್ಲ ಹೇಳಿದೆ. ಅಲ್ಲಿಂದ ಆ ಹುಡುಗಿಯ ಮನೆಗೂ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡಳು. "ನಿಮ್ ಮನಸ್ಸು ಹಗುರಾಗ್ಲಿ ಅಂತ ಇಲ್ಲಿಗ್ ಬಂದ್ರಾ? ನಂಗೆ ಕೆಲ್ಸ ಇದೆ" ಅಂದು ಬಾಗಿಲು ಹಾಕಿಕೊಂಡಳು. ಮೆಟ್ಟಿಲು ಇಳಿಯುವಾಗ ಪಕ್ಕದ ಮನೆಯವರೆಲ್ಲ ನೋಡುತ್ತಿದ್ದರು. ನೋಡಲಿ, ಬಸ್ಸಿನಲ್ಲಿ ಜನ ಅವಳನ್ನೂ ಹೀಗೇ ನೋಡಿದರಲ್ಲ.

ನಿನ್ನ ತಂಗಿ

*

ಅಕ್ಟೋಬರ್ ೩

ತಂಗೀ,

ನಿನ್ನನ್ನು ಬೈಯಲೆಂದೇ ಪೆನ್ನು ಹಿಡಿದೆ. ಎರಡು ಹಾಳೆ ಬೈದು ಬರೆದೆ, ಹರಿದು ಹಾಕಿದೆ. ನೀನು ಸುಳ್ಳು ಹೇಳಿದ್ದು ನನಗೆ ಹೆದರಿ. ಪಾಪು ಜಡೆ ಬಿಚ್ಚಿದ್ದೂ ನನಗೆ ಹೆದರಿಯೋ, ನನ್ನನ್ನು ಕಂಡು ಮರುಗಿಯೋ ಗೊತ್ತಿಲ್ಲ. ನನ್ನ ಹತ್ತಿರದವರು ಇಬ್ಬರೇ, ಇಬ್ಬರಿಗೂ ನನ್ನೆದುರು ನಿಜ ಹೇಳಲಾಗುವುದಿಲ್ಲ. ನಾನು ಎಂಥ ಹೆಂಗಸಿರಬೇಕು ಹೇಳು!

ಆ ಹುಡುಗಿಯನ್ನು ಸುಳ್ಳಿ ಎಂದು ತುಂಬಿದ ಬಸ್ಸಿನಲ್ಲಿ ಕೂಗಿದ್ದು ಕಿವಿಯಲ್ಲೇ ಇದೆ. ಅವಳು ಹೇಳಿದ್ದು ಒಂದೊಂದು ಅಕ್ಷರವೂ ನಿಜವಾಗಿತ್ತು. ದೂರು ತಪ್ಪು, ನಾನು ತಿಳಿಯದೆ ಬರೆದದ್ದು ಎಂದು ಮೇಲ್ವಿಚಾರಕಿಗೆ ಬರೆದಿದ್ದೇನೆ. ಬರೆದರೆ ಆದದ್ದು ಅಳಿಸುತ್ತದಾ?

ಈಗ ನನಗೊಂದು ಉಪಕಾರ ಮಾಡು. ಬಂದು ಪಾಪುವನ್ನು ಒಂದು ದಿನ ಹೊರಗೆ ಕರೆದುಕೊಂಡು ಹೋಗು. ನನ್ನ ಮುಖ ಕಾಣದ ಕಡೆ ಕೂತು ಅವಳಿಗೇನು ಬೇಕೆಂದು ಕೇಳು. ಏನೇ ಹೇಳಲಿ, ಹೇಳಿದ ಹಾಗೇ ಬರೆ. ಈ ಸಲ ಸಕ್ಕರೆ ಸವರಿ ಕೊಡಬೇಡ. ಕೋಣೆ ಈ ತಿಂಗಳು ಮುಗಿಯುವವರೆಗೆ ಮಾತ್ರ ಇರುತ್ತದೆ.

ನಿನ್ನ ಅಕ್ಕ

*

ಅಕ್ಟೋಬರ್ ೧೪

ಅಕ್ಕಾ,

ಮೊನ್ನೆ ನಿನ್ನ ಮನೆಯಲ್ಲಿ ಚಹಾ ಕುಡಿಯುತ್ತಾ "ಮಾತಾಡಿದೆ, ಬರೀತೀನಿ" ಎಂದಷ್ಟೇ ಹೇಳಿ ಬಂದೆನಲ್ಲ, ಮುಖಾಮುಖಿ ಹೇಳಲು ಬಾಯಿ ಬರಲಿಲ್ಲ. ಸಕ್ಕರೆ ಬೇಡ ಎಂದಿದ್ದೀಯ. ಇಗೋ.

ಪಾರ್ಕಿನಲ್ಲಿ ಕೂತಿದ್ದೆವು. ಆ ಮನೆ ಬೇಕಾ ಎಂದು ಕೇಳಿದೆ.

"ಅಮ್ಮ ಎಲ್ಲಿ?" ಅಂದಳು.

"ಮನೇಲಿದಾಳೆ, ಅವ್ಳಿಗೆ ಕೇಳ್ಸಲ್ಲ."

ಹಿಂದೆ ತಿರುಗಿ ನೋಡಿ ಖಾತ್ರಿ ಮಾಡಿಕೊಂಡಳು. "ಬೇಕು. ನನ್ ಕೋಣೆ ಬೇಕು. ಟವೆಲ್ ಮಡ್ಸೋದು ಬೇಕು. ಬಸ್ಸು ಬೇಕು."

"ಮತ್ತೆ ಅಮ್ಮ ಕೇಳ್ದಾಗ ಬೇಡ ಅಂದ್ಯಂತೆ?"

"ಅಮ್ಮಂಗೆ ಒಬ್ಳೇ ಇರಕ್ಕೆ ಬರಲ್ಲ ಚಿಕ್ಕಮ್ಮ. ನಾನ್ ಹೋದ್ರೆ ಅಳ್ತಾಳೆ. ಜಡೆ ಹಾಕಕ್ಕೆ ಕೊಟ್ರೆ ಅಳಲ್ಲ."

ಆಮೇಲೆ ಅವಳೇ ಕೇಳಿದಳು, "ಅಮ್ಮಂಗೂ ಅಂಥ ಮನೆ ಇದ್ಯಾ? ಕಲಿಸ್ಕೊಡೋ ಮನೆ?"

"ಏನ್ ಕಲಿಸ್ಬೇಕು?"

"ಒಬ್ಳೇ ಇರೋದು. ಆದ್ರೆ ಬೈಬಾರ್ದು ಅವ್ಳನ್ನ. ಅವ್ಳು ಸ್ವಲ್ಪ ನಿಧಾನ."

ಅಕ್ಕಾ, ಅವಳು ತಮಾಷೆ ಮಾಡುತ್ತಿರಲಿಲ್ಲ.

ನಿನ್ನ ತಂಗಿ

*

ಅಕ್ಟೋಬರ್ ೨೦

ತಂಗೀ,

ನಿನ್ನ ಕಾಗದವನ್ನು ಬಾಗಿಲಲ್ಲಿ ನಿಂತೇ ಓದಿದೆ, ಒಳಗೆ ಬರಲು ಬಹಳ ಹೊತ್ತು ಹಿಡಿಯಿತು. ಯಾವ ಮುಖ ಹೊತ್ತು ಅವಳೆದುರು ಹೋಗುವುದು ಎಂದು ತಿಳಿಯಲಿಲ್ಲ.

ಮೇಲ್ವಿಚಾರಕಿಯ ಉತ್ತರ ಬಂದಿದೆ. ಪಾಪು ಬರಬಹುದಂತೆ. ಆ ಹುಡುಗಿಯನ್ನು ವಾಪಸು ಕರೆದರೂ ಬರಲು ಒಪ್ಪಲಿಲ್ಲವಂತೆ. ಅದು ನಮ್ಮಿಬ್ಬರ ತಲೆಯ ಮೇಲೆ ಇರುತ್ತದೆ, ಇರಬೇಕಾದ್ದೇ.

ನಿನ್ನೆ ಪಾಪುವಿಗೆ, "ಸೋಮವಾರ ನಿನ್ನ ಮನೆಗೆ ಹೋಗೋಣ ಕಣೇ" ಅಂದೆ. ಅವಳು ನನ್ನ ಮುಖ ನೋಡಿದಳು. ನಗಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ, ಆದರೂ ಕಣ್ಣು ತುಂಬಿಬಿಟ್ಟಿತು. "ಬೇ" ಎಂದು ಅವಳು ಬಾಯಿ ತೆರೆದಳು. ನಾನು ಅಡ್ಡ ಬಂದೆ. "ಬೇಡ ಅನ್ಬೇಡ. ನಾನು ಅಳ್ತೀನಿ, ಆಮೇಲೆ ಸುಮ್ನಾಗ್ತೀನಿ. ನಂಗೆ ಬರತ್ತೆ."

ಅವಳಿಗೆ ನಂಬಿಕೆ ಬರಲಿಲ್ಲ. "ಸುಮ್ನಾಗು, ನೋಡ್ತೀನಿ" ಅಂದಳು.

ಸ್ಟೂಲು ಎಳೆದುಕೊಂಡು ನನ್ನೆದುರು ಕೂತಳು. ಕಣ್ಣೊರೆಸಲು ಬರಲಿಲ್ಲ, ತಲೆ ಬಾಗಿಸಿ ಬಾಚಣಿಗೆ ಕೊಡಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕಾದಳು. ನಾನು ಅತ್ತೆ. ಮಗಳೆದುರು ಹಾಗೆ ಅಳಲು ನಾಚಿಕೆಯಾಯಿತು, ಆ ನಾಚಿಕೆಗೂ ಸ್ವಲ್ಪ ಅತ್ತೆ. ಆಮೇಲೆ ಸೆರಗಿನಿಂದ ನಾನೇ ಮುಖ ಒರೆಸಿಕೊಂಡೆ, ಮೂಗು ಸೀಟಿಕೊಂಡೆ, ನೆಟ್ಟಗೆ ಕೂತೆ.

"ಬಂತಲ್ಲ" ಅಂದಳು, ಮತ್ತೆ ಎದ್ದು ಬ್ಯಾಗು ತುಂಬಲು ಹೋದಳು.

ನಿನ್ನ ಅಕ್ಕ